ಸೋರುವ ಮಡಕೆಯ 2,000 ವರ್ಷ: ಗಿಡ ತನಗೆ ಬೇಕಾದಷ್ಟು ನೀರು ತಾನೇ ಕುಡಿಯೋ ಕಥೆ

ಈ ಸಂಚಿಕೆನ ನೀವು ಬಸ್ಸಲ್ಲಿ ಕೂತು ಕೇಳ್ತಿರಬಹುದು, ಪಾತ್ರೆ ತೊಳೀತಾ ಕೇಳ್ತಿರಬಹುದು, ಇಲ್ಲಾ ಇಲ್ಲೇ ಓದ್ತಿರಬಹುದು. ನಾನು ಮಾತ್ರ ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ನಾನೊಂದು ಗಿಡ ಕೊಂದಿದ್ದೀನಿ. ನೀರು ಹಾಕದೆ ಸತ್ತಿದ್ರೆ ಇಷ್ಟು ಬೇಜಾರಾಗ್ತಿರಲಿಲ್ಲ. ಅದು ಸತ್ತಿದ್ದು ನೀರು ಜಾಸ್ತಿಯಾಗಿ.

2024ರ ಮಾರ್ಚ್ ತಿಂಗಳು ನೆನಪಿದ್ಯಾ? ಬೆಂಗಳೂರಲ್ಲಿದ್ದವರಿಗೆ ಖಂಡಿತ ನೆನಪಿರುತ್ತೆ. ಬೋರ್‌ವೆಲ್‌ಗಳು ಬತ್ತಿದ್ವು. ಟ್ಯಾಂಕರ್‌ಗೆ ಫೋನ್ ಮಾಡಿ ಮಾಡಿ ಸಾಕಾಗಿತ್ತು. ಕುಡಿಯೋ ನೀರನ್ನ ಗಾಡಿ ತೊಳೆಯೋಕೆ, ಗಾರ್ಡನ್‌ಗೆ ಬಳಸಿದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ನಾನಿರೋದು ಎರಡನೇ ಮಹಡಿಯ ಒಂದು ಬಾಡಿಗೆ ಮನೆ. ಹಾಲ್‌ನಲ್ಲಿ ಮತ್ತೆ ಬಾಲ್ಕನಿಯಲ್ಲಿ ಸೇರಿ 11 ಕುಂಡ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಎಲ್ಲಾ ಗಿಡಕ್ಕೇ ಹೋಗ್ತಿತ್ತು.

ಅಷ್ಟರಲ್ಲಿ ಯುಗಾದಿ ಬಂತು. ಹನ್ನೆರಡು ದಿನ ಊರಿಗೆ ಹೋಗಬೇಕು. ಪಕ್ಕದ ಮನೆಯವರ ಹತ್ರ 'ನಮ್ಮ ಗಿಡಕ್ಕೆ ನೀರು ಹಾಕಿ' ಅಂತ ಕೇಳೋ ಕಾಲವೂ ಅದಲ್ಲ. ಹಾಗಾಗಿ ಮೊಬೈಲ್ ನೋಡ್ಕೊಂಡು, ಹಳೇ ಬಾಟಲಿ, ಡಬ್ಬಿ, ದಾರ ಇಟ್ಕೊಂಡು ಹನ್ನೊಂದೂ ಕುಂಡಕ್ಕೆ ಕೆಳಗಡೆಯಿಂದ ನೀರು ಕುಡಿಯೋ ವ್ಯವಸ್ಥೆ ಮಾಡಿದೆ. ಇಂಗ್ಲಿಷ್‌ನಲ್ಲಿ ಇದಕ್ಕೆ ಸೆಲ್ಫ್ ವಾಟರಿಂಗ್ ಅಂತಾರೆ. ಕೆಳಗೆ ನೀರಿನ ತೊಟ್ಟಿ, ಮೇಲೆ ಮಣ್ಣು, ಮಧ್ಯೆ ಒಂದು ಬತ್ತಿ. ಅಷ್ಟೇ.

ವಾಪಸ್ ಬಂದಾಗ ಹತ್ತು ಗಿಡ ಚೆನ್ನಾಗಿದ್ವು. ಹನ್ನೊಂದನೇದು ದೊಡ್ಡಪತ್ರೆ. ಕಾಂಡ ಬುಡದಲ್ಲಿ ಕಪ್ಪಾಗಿ, ಮುಟ್ಟಿದ್ರೆ ಕೈಗೆ ಬರ್ತಿತ್ತು. ಆ ದೊಡ್ಡಪತ್ರೆ ನಮ್ಮಜ್ಜಿ ಹಿತ್ತಲಿಂದ ತಂದಿದ್ದ ಕಡ್ಡಿ. ಅಜ್ಜಿ ತೀರಿಕೊಂಡು ಆಗ ಒಂದು ವರ್ಷ ಆಗಿತ್ತು.

ಅವತ್ತು ನನ್ನ ತಲೇಲಿ ಬಂದಿದ್ದು ಒಂದೇ ಪ್ರಶ್ನೆ. ಈ ವ್ಯವಸ್ಥೆನ ಮೊದಲು ಯೋಚಿಸಿದವರು ಯಾರು? ನನಗೆ ಗೊತ್ತಿಲ್ಲದೇ ಇರೋದು ಅವರಿಗೇನು ಗೊತ್ತಿತ್ತು? ಹುಡುಕ್ತಾ ಹೋದ್ರೆ ನಾನು 2,000 ವರ್ಷ ಹಿಂದಕ್ಕೆ ಹೋಗಿ ನಿಂತೆ.

ಹಾನ್ ಕಾಲದ ಬಳ್ಳಿ ಹಣ್ಣಿನ ಲೆಕ್ಕ

ಸ್ಥಳ ಚೀನಾ. ಇವತ್ತಿನ ಶಿಯಾನ್ ನಗರದ ಸುತ್ತಮುತ್ತಲಿನ ಒಣ ಬಯಲು. ಕಾಲ ಕ್ರಿಸ್ತಪೂರ್ವ ಮೊದಲನೇ ಶತಮಾನ, ಹಾನ್ ವಂಶದ ಆಳ್ವಿಕೆ. ಅಲ್ಲಿ ಫಾನ್ ಶೆಂಗ್‌ಝಿ ಅಂತ ಒಬ್ಬ ಅಧಿಕಾರಿ ಇದ್ದ. ರೈತರಿಗೆ ಬೇಸಾಯ ಹೇಳಿಕೊಡೋದು ಅವನ ಕೆಲಸ. ನಮ್ಮ ಕಡೆಯ ಕೃಷಿ ಅಧಿಕಾರಿ ಅಂತಾನೇ ಅಂದುಕೊಳ್ಳಿ. ಅವನೊಂದು ಪುಸ್ತಕ ಬರೆದ. ಮೂಲ ಪುಸ್ತಕ ಕಳೆದುಹೋಗಿದೆ. ಆದ್ರೆ ಕ್ರಿಸ್ತಶಕ ಆರನೇ ಶತಮಾನದಲ್ಲಿ ಬಂದ ಇನ್ನೊಂದು ಚೀನೀ ಕೃಷಿ ಗ್ರಂಥ ಅದರ ಭಾಗಗಳನ್ನ ಉಲ್ಲೇಖ ಮಾಡಿದ್ದರಿಂದ ಒಂದಷ್ಟು ಉಳಿದುಕೊಂಡಿದೆ.

ಅದರಲ್ಲಿ ಬಳ್ಳಿ ಹಣ್ಣು ಬೆಳೆಯೋ ಒಂದು ವಿಧಾನ ಇದೆ. ಒಂದು 'ಮೂ' ಭೂಮಿಯಲ್ಲಿ, ಅಂದ್ರೆ ಅಂದಾಜು ನಾಲ್ಕೂವರೆ ಗುಂಟೆಯಲ್ಲಿ, 24 ಗುಂಡಿ ತೋಡಬೇಕು. ಪ್ರತಿ ಗುಂಡಿಯ ಮಧ್ಯೆ ಒಂದು ಮಣ್ಣಿನ ಮಡಕೆ ಹೂಳಬೇಕು. ಮಡಕೆಯ ಬಾಯಿ ನೆಲಕ್ಕೆ ಸಮ ಇರಬೇಕು. ಅದರ ತುಂಬಾ ನೀರು. ಮಡಕೆಯ ನಾಲ್ಕೂ ಕಡೆ ಒಂದೊಂದು ಬೀಜ. ಬಾಯಿಗೆ ಒಂದು ಹಂಚು ಮುಚ್ಚಬೇಕು. ನೀರು ಕಡಿಮೆಯಾದಾಗೆಲ್ಲ ತುಂಬ್ತಾ ಇರಬೇಕು.

ಮಡಕೆಯ ಅಳತೆ ಮೂರು 'ದೌ'. ಇವತ್ತಿನ ಲೆಕ್ಕಕ್ಕೆ ಸುಮಾರು 6 ಲೀಟರ್. 24 ಮಡಕೆ ಅಂದ್ರೆ 144 ಲೀಟರ್. ನಮ್ಮ ಮನೆ ಮೇಲಿರೋ 200 ಲೀಟರ್ ಡ್ರಮ್ಮೂ ತುಂಬಲ್ಲ ಅಷ್ಟಕ್ಕೆ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಆಮೇಲಿನ ಸಾಲುಗಳು ನನಗೆ ಇನ್ನೂ ಇಷ್ಟ ಆದ್ವು. ಫಾನ್ ಅಲ್ಲಿಗೇ ನಿಲ್ಲಿಸಲ್ಲ. ಮಡಕೆಯ ಸುತ್ತ ಈರುಳ್ಳಿ ಜಾತಿಯ ಹತ್ತು ಗಡ್ಡೆ ನೆಡಿ ಅಂತಾನೆ. ಐದನೇ ತಿಂಗಳಲ್ಲಿ ಹಣ್ಣು ಮಾಗೋ ಹೊತ್ತಿಗೆ ಅದನ್ನ ಕಿತ್ತು ಮಾರಬಹುದು. ಮಧ್ಯದ ಖಾಲಿ ಜಾಗದಲ್ಲಿ ಸಣ್ಣ ಕಾಳು ಹಾಕಿ, ಅದರ ಎಲೆಯನ್ನೂ ಮಾರಬಹುದು. ಹಣ್ಣಿನಿಂದ ಒಂದು ಮೂ ಜಾಗಕ್ಕೆ ಹತ್ತು ಸಾವಿರ ನಾಣ್ಯದ ಆದಾಯ ಅಂತ ಲೆಕ್ಕಾನೂ ಕೊಟ್ಟಿದ್ದಾನೆ. ಅರಮನೆ ತೋಟದ ಶೋಕಿಗೆ ಬರೆದಿದ್ದಲ್ಲ ಇದು. ನೀರು, ಗೊಬ್ಬರ ಎರಡೂ ಕಡಿಮೆ ಇರೋ ರೈತ ಸಣ್ಣ ಜಾಗದಲ್ಲಿ ಹೇಗೆ ಬದುಕಬೇಕು ಅನ್ನೋ ಲೆಕ್ಕ.

ಅಜ್ಜಿಯ ನಿಂಬೆ ಗಿಡ

ಇದನ್ನ ಓದ್ತಾ ಇರುವಾಗ 'ಬಾಯಿಗೆ ಹಂಚು ಮುಚ್ಚಬೇಕು' ಅನ್ನೋ ಜಾಗದಲ್ಲಿ ನಾನು ನಿಂತುಬಿಟ್ಟೆ. ಯಾಕಂದ್ರೆ ಅದನ್ನ ನಾನು ಕಣ್ಣಾರೆ ನೋಡಿದ್ದೀನಿ.

ನಮ್ಮಜ್ಜಿ ಊರು ಚಳ್ಳಕೆರೆ ತಾಲ್ಲೂಕು. ಮಳೆ ಕಡಿಮೆ ಬೀಳೋ ಜಾಗ ಅಂತ ನಿಮಗೆ ಹೇಳಬೇಕಾಗಿಲ್ಲ. ನಾನು ಚಿಕ್ಕವಳಿದ್ದಾಗ ಅಲ್ಲಿ ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು ಬರ್ತಿತ್ತು. ಹಿತ್ತಲಲ್ಲಿ ಒಂದು ನಿಂಬೆ ಸಸಿ. ಅದರ ಪಕ್ಕ ಅಜ್ಜಿ ಒಂದು ಹಳೇ ಗಡಿಗೆ ಹೂತಿದ್ರು. ಅಡುಗೆಗೆ ಬಾರದ, ಸೋರೋ ಗಡಿಗೆ. ಅದಕ್ಕೆ ನೀರು ತುಂಬಿ, ಮೇಲೊಂದು ಒಡೆದ ಹಂಚು ಮುಚ್ತಿದ್ರು. 'ಯಾಕಜ್ಜಿ ಗಿಡಕ್ಕೆ ಹಾಕದೆ ಗಡಿಗೆಗೆ ಹಾಕ್ತೀಯ?' ಅಂತ ಕೇಳಿದ್ರೆ, 'ಮ್ಯಾಲೆ ಹುಯ್ದ್ರೆ ಬಿಸ್ಲು ಕುಡೀತೈತೆ, ಇದ್ರಾಗಾದ್ರೆ ಗಿಡ ಕುಡೀತೈತೆ' ಅಂತಿದ್ರು.

ಅಜ್ಜಿ ಚೀನಾದ ಪುಸ್ತಕ ಓದಿರಲಿಲ್ಲ. ಅಜ್ಜಿಗೆ ಓದೋಕೇ ಬರ್ತಿರಲಿಲ್ಲ. ನೀರು ಕಡಿಮೆ ಇದ್ದು, ಕುಂಬಾರರು ಇರೋ ಕಡೆ ಈ ಉಪಾಯ ಯಾರಿಗಾದ್ರೂ ಹೊಳೆಯೋ ಅಂಥದ್ದೇ. ಸ್ಪ್ಯಾನಿಷ್ ಮಾತಾಡೋ ದೇಶಗಳಲ್ಲಿ ಮಡಕೆಗೆ 'ಓಯಾ' ಅಂತಾರೆ. ಇವತ್ತು ಅಮೆರಿಕದ ಗಾರ್ಡನಿಂಗ್ ಅಂಗಡಿಗಳಲ್ಲಿ ಹೂಳೋ ಮಡಕೆ ಮಾರೋದು ಅದೇ ಹೆಸರಲ್ಲಿ. ನಮ್ಮ ಕಡೆ ಕೃಷಿ ವಿಭಾಗದವರು ಇದನ್ನ ಮಡಕೆ ನೀರಾವರಿ ಅಂತಾರೆ.

ಮಡಕೆಗೆ ಹೇಗೆ ಗೊತ್ತಾಗುತ್ತೆ?

ಇಲ್ಲಿ ಸ್ವಲ್ಪ ವಿಜ್ಞಾನ. ಬೋರ್ ಹೊಡೆಸಲ್ಲ, ಎರಡೇ ನಿಮಿಷ.

ಶಿವಲಿಂಗದ ಮೇಲೆ ಧಾರಾಪಾತ್ರೆ ಕಟ್ಟಿರ್ತಾರೆ, ನೋಡಿರ್ತೀರ. ಪಾತ್ರೆ ತಳದಲ್ಲಿ ಸಣ್ಣ ತೂತು. ತೊಟ್ಟು ತೊಟ್ಟಾಗಿ ನೀರು ಬೀಳ್ತಾನೇ ಇರುತ್ತೆ. ಕೆಳಗಿರೋದಕ್ಕೆ ನೀರು ಬೇಕಾ, ಸಾಕಾ ಅಂತ ಅದು ಕೇಳಲ್ಲ. ಬಾಟಲಿ ಮುಚ್ಚಳಕ್ಕೆ ತೂತು ಮಾಡಿ ಕುಂಡದ ಮೇಲೆ ಉಲ್ಟಾ ನಿಲ್ಲಿಸ್ತೀವಲ್ಲ, ಅದೂ ಹೆಚ್ಚುಕಡಿಮೆ ಹಾಗೇ.

ಹೂತಿಟ್ಟ ಮಡಕೆ ಬೇರೆ ಥರ. ಹೊಳಪು ಬಳಿಯದೆ ಸುಟ್ಟ ಮಡಕೆಯ ಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತೆ. ಹೊರಗಿನ ಮಣ್ಣು ಒಣಗಿದ್ರೆ ಅದು ಆ ರಂಧ್ರಗಳ ಮೂಲಕ ನೀರನ್ನ ತನ್ನ ಕಡೆ ಎಳ್ಕೊಳ್ಳುತ್ತೆ. ಮಣ್ಣು ಒದ್ದೆಯಾಗ್ತಾ ಬಂದ ಹಾಗೆ ಎಳೆತ ಕಡಿಮೆಯಾಗಿ, ಹರಿವೂ ನಿಧಾನ ಆಗುತ್ತೆ. ಬೇರು ನೀರು ಕುಡಿದು ಮಣ್ಣು ಮತ್ತೆ ಒಣಗಿದ್ರೆ ಮತ್ತೆ ಎಳೆತ ಶುರು. ಅಂದ್ರೆ ಎಷ್ಟು ನೀರು ಹೋಗಬೇಕು ಅನ್ನೋದನ್ನ ತೀರ್ಮಾನ ಮಾಡೋದು ಮಣ್ಣಿನ ಬಾಯಾರಿಕೆ.

ಬತ್ತಿಯ ಕೆಲಸವೂ ಇದೇ ಕುಟುಂಬದ್ದು. ದೀಪದಲ್ಲಿ ಎಣ್ಣೆ ಕೆಳಗಿರುತ್ತೆ, ಉರಿ ಮೇಲಿರುತ್ತೆ. ಎಣ್ಣೆಯನ್ನ ಯಾರೂ ಮೇಲಕ್ಕೆತ್ತಲ್ಲ, ಬತ್ತಿಯ ಎಳೆಗಳ ಮಧ್ಯೆ ತಾನೇ ಹತ್ತುತ್ತೆ. 1718ರಲ್ಲಿ ಜೇಮ್ಸ್ ಜುರಿನ್ ಅನ್ನೋ ಇಂಗ್ಲಿಷ್ ವೈದ್ಯ ಇದಕ್ಕೊಂದು ನಿಯಮ ಕಂಡುಕೊಂಡ. ನಳಿಗೆ ಎಷ್ಟು ಸಣ್ಣದೋ ನೀರು ಅಷ್ಟು ಎತ್ತರ ಏರುತ್ತೆ. 1 ಮಿಲಿಮೀಟರ್ ಅಗಲದ ಗಾಜಿನ ನಳಿಗೆಯಲ್ಲಿ ಸುಮಾರು 3 ಸೆಂಟಿಮೀಟರ್ ಏರಿದ್ರೆ, ಅದರ ಹತ್ತನೇ ಒಂದು ಭಾಗ ಅಗಲದ ನಳಿಗೆಯಲ್ಲಿ 30 ಸೆಂಟಿಮೀಟರ್. ಕುಂಡದ ಮಣ್ಣಿನ ಕಣಗಳ ಮಧ್ಯದ ಸಂದಿಗಳೂ ಇಂಥ ನಳಿಗೆಗಳೇ.

ಈ ಎರಡು ನಿಮಿಷದ ಪಾಠದಲ್ಲಿ ನನ್ನ ದೊಡ್ಡಪತ್ರೆ ಸತ್ತ ಕಾರಣವೂ ಅರ್ಧ ಇದೆ. ಅದಕ್ಕೆ ಆಮೇಲೆ ಬರ್ತೀನಿ.

ಹಡಗಿನಲ್ಲಿ ಗಿಡಕ್ಕೆ ನೀರು ಕೊಡೋರ್ಯಾರು?

ಈಗ ಹೊಲದಿಂದ ಮನೆಯೊಳಗೆ ಬರೋಣ. ಲಂಡನ್, 1829. ಬಂದರಿನ ಹತ್ತಿರದ ವೆಲ್‌ಕ್ಲೋಸ್ ಸ್ಕ್ವೇರ್‌ನಲ್ಲಿ ನಥಾನಿಯಲ್ ವಾರ್ಡ್ ಅನ್ನೋ ಡಾಕ್ಟರ್ ಇದ್ರು. ಜರೀಗಿಡ ಬೆಳೆಸೋ ಆಸೆ, ಆದ್ರೆ ಕಲ್ಲಿದ್ದಲ ಹೊಗೆಗೆ ಗಿಡಗಳೆಲ್ಲ ಸಾಯ್ತಿದ್ವು. ಒಂದು ಪತಂಗದ ಗೂಡನ್ನ ಒದ್ದೆ ಮಣ್ಣಿನ ಜೊತೆ ಗಾಜಿನ ಬಾಟಲಿಯಲ್ಲಿಟ್ಟು ಮುಚ್ಚಿದ್ರು. ಪತಂಗ ಬರೋ ಮೊದಲೇ ಅದರೊಳಗೆ ಒಂದು ಜರೀಗಿಡ, ಒಂದು ಹುಲ್ಲು ಮೊಳೆತ್ವು. ಹಗಲು ಆವಿಯಾದ ನೀರು ಗಾಜಿಗೆ ಅಂಟಿ ಮತ್ತೆ ಮಣ್ಣಿಗೇ ಇಳೀತಿತ್ತು. ಹೊಸ ನೀರಿಲ್ಲದೆ ಆ ಗಿಡಗಳು ಹತ್ತಿರ ಹತ್ತಿರ ನಾಲ್ಕು ವರ್ಷ ಬದುಕಿದ್ವು.

ಆ ಕಾಲಕ್ಕೆ ಇದು ದೊಡ್ಡ ವಿಷಯ. ಹಡಗಿನಲ್ಲಿ ಸಿಹಿನೀರು ಅಳೆದು ಕೊಡೋ ವಸ್ತು. ಮನುಷ್ಯರಿಗೇ ಸಾಲದಿರುವಾಗ ಗಿಡಕ್ಕೆ ಕೊಡೋರ್ಯಾರು? 1833ರಲ್ಲಿ ವಾರ್ಡ್ ಅವರ ಗಾಜಿನ ಪೆಟ್ಟಿಗೆಗಳು ಲಂಡನ್ನಿಂದ ಸಿಡ್ನಿಗೆ ಹೋದ್ವು, ಗಿಡಗಳು ಜೀವಂತ ತಲುಪಿದ್ವು. ಆಮೇಲೆ ಇದೇ ಪೆಟ್ಟಿಗೆಗಳಲ್ಲಿ ರಾಬರ್ಟ್ ಫಾರ್ಚೂನ್ ಚೀನಾದಿಂದ ಚಹಾ ಗಿಡಗಳನ್ನ ಹಿಮಾಲಯದ ತಪ್ಪಲಿಗೆ ತಂದ. ಮಲೇರಿಯಾ ಔಷಧಿ ಕೊಡೋ ಸಿಂಕೋನಾ 1860ರ ಆಸುಪಾಸಿನಲ್ಲಿ ನಮ್ಮ ಪಕ್ಕದ ನೀಲಗಿರಿಗೆ ಬಂತು. ಬ್ರಿಟಿಷ್ ಸಾಮ್ರಾಜ್ಯದ ತೋಟಗಳ ಲಾಭದ ಹಿಂದೆ ಈ ಪೆಟ್ಟಿಗೆಯ ಪಾಲೂ ಇದೆ. ನೋಡೋರಿಲ್ಲದೆ ಗಿಡ ಬದುಕಬೇಕು ಅನ್ನೋ ಅಗತ್ಯದ ಹಿಂದೆ ಈಗ ದೊಡ್ಡ ದುಡ್ಡೂ ಸೇರಿಕೊಳ್ತು.

ಮಡಕೆ ಪ್ರಯೋಗಾಲಯಕ್ಕೆ ಹೋಯ್ತು

ವಾರ್ಡ್ ಪೆಟ್ಟಿಗೆ ನೀರು ಹೊರಗೆ ಹೋಗದ ಹಾಗೆ ತಡೀತು. ತೊಟ್ಟಿಯ ಕಥೆ ಮತ್ತೆ ಶುರುವಾಗೋದು ಅಮೆರಿಕದಲ್ಲಿ. ಬರ್ಟನ್ ಲಿವಿಂಗ್‌ಸ್ಟನ್ ಅಂತ ಒಬ್ಬ ಸಸ್ಯಶಾಸ್ತ್ರಜ್ಞ ಅರಿಜೋನಾದ ಮರುಭೂಮಿ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು. ಅವರಿಗೊಂದು ಸಮಸ್ಯೆ. ಗಿಡದ ಮೇಲೆ ಪ್ರಯೋಗ ಮಾಡಬೇಕಾದ್ರೆ ಮಣ್ಣಿನ ತೇವ ಒಂದೇ ಮಟ್ಟದಲ್ಲಿರಬೇಕು. ಕೈಯಲ್ಲಿ ನೀರು ಹಾಕಿದ್ರೆ ಒಂದು ದಿನ ಕೆಸರು, ಇನ್ನೊಂದು ದಿನ ಧೂಳು.

1908ರಲ್ಲಿ ಅವರು ಒಂದು ಉಪಾಯ ಪ್ರಕಟಿಸಿದ್ರು. ಕುಂಡದ ಮಣ್ಣಿನೊಳಗೆ ಹೊಳಪಿಲ್ಲದ ಸಣ್ಣ ಜೇಡಿಮಣ್ಣಿನ ಬಟ್ಟಲು ಹೂಳೋದು. ಅದರಿಂದ ಒಂದು ನಳಿಗೆ, ನಳಿಗೆಯ ಇನ್ನೊಂದು ತುದಿಯಲ್ಲಿ ನೀರಿನ ಪಾತ್ರೆ. ಪಾತ್ರೆಯನ್ನ ಕುಂಡಕ್ಕಿಂತ ಕೆಳಗಿಟ್ಟರೆ ನೀರು ತಾನಾಗಿ ಸುರಿಯಲ್ಲ, ಒಣಗಿದ ಮಣ್ಣೇ ಎಳ್ಕೊಬೇಕು. ನಮ್ಮ ಮನೆಯೊಳಗಿನ ಕುಂಡ, ತೊಟ್ಟಿ, ನಡುವಿನ ಕೊಂಡಿ ಮೂರೂ ಇಲ್ಲಿ ಸ್ಪಷ್ಟವಾಗಿ ಕಾಣುತ್ತೆ. ಇಂಥದ್ದೇ ಮಣ್ಣಿನ ಬಟ್ಟಲಿನಿಂದ ಮುಂದೆ ಟೆನ್ಸಿಯೋಮೀಟರ್ ಅನ್ನೋ ಉಪಕರಣ ಬೆಳೀತು. ಮಣ್ಣು ಎಷ್ಟು ಬಾಯಾರಿದೆ ಅಂತ ಅಳೆಯೋಕೆ ಇವತ್ತಿಗೂ ಹೊಲ ತೋಟಗಳಲ್ಲಿ ಅದನ್ನ ಬಳಸ್ತಾರೆ.

ಇನ್ನೊಂದು ಕಡೆ ಮನೆಗಳಲ್ಲಿ ಬತ್ತಿ ವಿಧಾನ ಹರಡಿತು. ಆಫ್ರಿಕನ್ ವಯಲೆಟ್ ಅನ್ನೋ ಪುಟ್ಟ ಹೂಗಿಡ ಇದೆ. ಮೂಲ ಊರು ಪೂರ್ವ ಆಫ್ರಿಕಾದ ಬೆಟ್ಟಗಳು. ಎಲೆ ಮೇಲೆ ತಣ್ಣೀರು ಬಿದ್ರೆ ಕಲೆ ಆಗುತ್ತೆ, ಹಾಗಾಗಿ ಮೇಲಿಂದ ನೀರು ಹಾಕೋದೇ ತಲೆನೋವು. ಅಮೆರಿಕದಲ್ಲಿ ಇದನ್ನ ಕಿಟಕಿ ಪಕ್ಕ ಬೆಳೆಸೋ ಹವ್ಯಾಸಿಗಳು ಕುಂಡದ ತಳದಿಂದ ಒಂದು ದಾರ ಇಳಿಬಿಟ್ಟು, ಕೆಳಗೆ ಡಬ್ಬಿಯಲ್ಲಿ ನೀರಿಟ್ರು. ನಾವು ಬಾಟಲಿಯಲ್ಲಿ ಮಾಡೋದು ಅದನ್ನೇ.

ಭಾರತದಲ್ಲೂ ಈ ಮಡಕೆ ವಿಜ್ಞಾನಿಗಳ ಕೈಗೆ ಬಂತು. ಹರಿಯಾಣದ ಕರ್ನಾಲ್‌ನಲ್ಲಿ ಕೇಂದ್ರೀಯ ಮಣ್ಣಿನ ಲವಣತೆ ಸಂಶೋಧನಾ ಸಂಸ್ಥೆ ಇದೆ. ಅಲ್ಲಿಯ ಆರ್. ಸಿ. ಮಂಡಲ್ 1970ರ ದಶಕದಲ್ಲಿ ಮಡಕೆ ಹೂತು ತರಕಾರಿ ಬೆಳೆಯೋ ಬಗ್ಗೆ ಕೆಲಸ ಮಾಡಿದ್ರು. ಹಿತ್ತಲಿನ ಉಪಾಯ ಅಂದ್ಕೊಂಡಿದ್ದು ಸಂಶೋಧನಾ ಲೇಖನ ಆಗಿ ಹೊರದೇಶಗಳಲ್ಲೂ ಓದಿಸಿಕೊಳ್ತು.

ಟೊಮೆಟೊ ರೈತ ಮತ್ತು ಗೊಂಬೆ ಕಂಪನಿ

ಈಗ 1990ರ ದಶಕದ ಆರಂಭ, ಅಮೆರಿಕದ ಫ್ಲೋರಿಡಾ. ಬ್ಲೇಕ್ ವಿಸೆನಂಟ್ ಅನ್ನೋ ಟೊಮೆಟೊ ರೈತ. ಫ್ಲೋರಿಡಾದ ಮರಳು ನೆಲದಲ್ಲಿ ಜೋರು ಮಳೆ ಬಂದ್ರೆ ಗೊಬ್ಬರ ತೊಳೆದು ಹೋಗುತ್ತೆ. ಅಲ್ಲಿಯ ವಿಶ್ವವಿದ್ಯಾಲಯದ ಮಣ್ಣು ವಿಜ್ಞಾನಿ ಕ್ಯಾರೊಲ್ ಜೆರಾಲ್ಡ್‌ಸನ್ ಇದಕ್ಕೆ ಮೊದಲೇ ಒಂದು ದಾರಿ ತೋರಿಸಿದ್ರು. ನೀರು ಕೆಳಗಿಂದ ಬರಲಿ, ಗೊಬ್ಬರ ಮೇಲೆ ಪಟ್ಟಿಯ ಹಾಗಿರಲಿ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರಲಿ. ಬೇರು ತನಗೆ ಬೇಕಾದ ಜಾಗಕ್ಕೆ ತಾನೇ ಹೋಗುತ್ತೆ.

ವಿಸೆನಂಟ್ ಈ ಹೊಲವನ್ನ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ತಂದ್ರು. ಹೆಸರು ಅರ್ಥ್‌ಬಾಕ್ಸ್. ತಳದಲ್ಲಿ ನೀರು. ಅದರ ಮೇಲೆ ತೂತಿರೋ ಜಾಲರಿ, ಜಾಲರಿ ಮೇಲೆ ಮಣ್ಣು. ಮೂಲೆಗಳಲ್ಲಿ ಮಾತ್ರ ಮಣ್ಣು ಕಾಲಿನ ಹಾಗೆ ಕೆಳಗಿಳಿದು ನೀರು ಮುಟ್ಟುತ್ತೆ. ನೀರು ತುಂಬೋಕೆ ಒಂದು ಪೈಪು. ಪಕ್ಕದಲ್ಲಿ ಒಂದು ಸಣ್ಣ ತೂತು, ಜಾಸ್ತಿಯಾದ ನೀರು ಆಚೆ ಹೋಗೋಕೆ. ಆ ಸಣ್ಣ ತೂತು ನೆನಪಿಟ್ಕೊಳ್ಳಿ.

ಜರ್ಮನಿಯಲ್ಲಿ ಇನ್ನೊಂದು ಕಥೆ. ಪ್ಲೇಮೊಬಿಲ್ ಅನ್ನೋ ಪುಟ್ಟ ಗೊಂಬೆಗಳು ಗೊತ್ತಿರಬಹುದು, 1974ರಲ್ಲಿ ಬಂದಿದ್ದು. ಅದನ್ನ ಮಾಡೋ ಕಂಪನಿಯ ಆಗಿನ ಮಾಲೀಕ ಹಾರ್ಸ್ಟ್ ಬ್ರಾಂಡ್‌ಸ್ಟೇಟರ್. 2000ದ ಸುಮಾರಿಗೆ ಅದೇ ಕಂಪನಿ ಲೆಚೂಜಾ ಅನ್ನೋ ಹೆಸರಲ್ಲಿ ತೊಟ್ಟಿ ಇರೋ ಚಂದದ ಕುಂಡಗಳನ್ನ ಮಾರೋಕೆ ಶುರು ಮಾಡ್ತು. ಒಳಗೆಷ್ಟು ನೀರಿದೆ ಅಂತ ತೋರಿಸೋ ಒಂದು ಕಡ್ಡಿ, ಮಣ್ಣಿನ ಬದಲು ಜ್ವಾಲಾಮುಖಿ ಕಲ್ಲಿನ ಹರಳು. ಆಫೀಸ್‌ಗಳ ರಿಸೆಪ್ಷನ್‌ನಲ್ಲಿ ಗಿಡ ವಾರಗಟ್ಟಲೆ ಹಸಿರಾಗಿರೋದಕ್ಕೆ ಇಂಥ ಕುಂಡಗಳೂ ಒಂದು ಕಾರಣ.

ಒಣ ಹೊಲದ ಬಡ ರೈತನಿಗೆ ಅಂತ ಬರೆದಿಟ್ಟ ಉಪಾಯ ಹೀಗೆ ಪೇಟೆಂಟ್, ಬ್ರ್ಯಾಂಡ್ ಎಲ್ಲ ಆಯ್ತು. ನನಗೆ ಇದರ ಮೇಲೆ ಸಿಟ್ಟಿಲ್ಲ. ಆ ಪೆಟ್ಟಿಗೆಯ ವಿನ್ಯಾಸದಲ್ಲಿ ನಿಜವಾದ ಕೆಲಸ ಇದೆ. ಪೇಟೆಂಟ್‌ಗೆ ಕಾಲಮಿತಿಯೂ ಇದೆ. ಆದ್ರೆ ಮೂಲ ತತ್ವಕ್ಕೆ ಯಾರೂ ಮಾಲೀಕರಲ್ಲ. ಇಂಟರ್ನೆಟ್ ಬಂದ ಮೇಲೆ ಜನ ಪೇಂಟ್ ಬಕೆಟ್, ಪ್ಲಾಸ್ಟಿಕ್ ಡಬ್ಬಿ ಹಿಡ್ಕೊಂಡು ಅದನ್ನೇ ಮನೇಲಿ ಮಾಡೋಕೆ ಶುರು ಮಾಡಿದ್ರು. ಅವರ ವಿಡಿಯೋಗಳನ್ನ ನೋಡಿಯೇ ನಾನು ಆ ಯುಗಾದಿಗೆ ಕೆಲಸಕ್ಕಿಳಿದಿದ್ದು.

ನಾನು ಮಾಡಿದ ತಪ್ಪು

ಎಲ್ಲಿ ಎಡವಿದೆ ಅಂತ ಈಗ ಹೇಳ್ತೀನಿ. ಬೇರಿಗೆ ನೀರಷ್ಟೇ ಅಲ್ಲ, ಗಾಳಿಯೂ ಬೇಕು. ಮಣ್ಣಿನ ಸಂದಿಗಳೆಲ್ಲ ನೀರಿನಿಂದ ತುಂಬಿದ್ರೆ ಬೇರಿಗೆ ಉಸಿರು ಕಟ್ಟುತ್ತೆ, ಆಮೇಲೆ ಕೊಳೆಯುತ್ತೆ. ಅರ್ಥ್‌ಬಾಕ್ಸ್‌ನ ಆ ಸಣ್ಣ ತೂತು ಇರೋದು ಅದಕ್ಕೇ. ನೀರಿನ ಮಟ್ಟಕ್ಕೂ ಮಣ್ಣಿನ ತಳಕ್ಕೂ ಮಧ್ಯೆ ಯಾವಾಗಲೂ ಗಾಳಿಗೆ ಜಾಗ ಉಳಿಬೇಕು. ನಾನು ದೊಡ್ಡಪತ್ರೆಯ ಡಬ್ಬಿಗೆ ತೂತೇ ಮಾಡಿರಲಿಲ್ಲ. ಹೊರಡೋ ದಿನ, ಹನ್ನೆರಡು ದಿನಕ್ಕೆ ಸಾಲಲಿ ಅಂತ ಕಂಠಪೂರ್ತಿ ತುಂಬಿಸಿದೆ. ಕುಂಡದ ತಳ ನೀರಲ್ಲೇ ನಿಂತಿತ್ತು.

ಎರಡನೇ ತಪ್ಪು ಮಣ್ಣು. ಬರೀ ಕೆಂಪು ಮಣ್ಣು ಹಾಕಿದ್ದೆ. ಕುಂಡದಲ್ಲಿ ಅದು ಕೆಸರಾಗಿ ಗಟ್ಟಿಯಾಗುತ್ತೆ. ಸಣ್ಣ ನಳಿಗೆಯಲ್ಲಿ ನೀರು ಎತ್ತರ ಏರುತ್ತೆ ಅಂತ ಜುರಿನ್ ಹೇಳಿದ್ದು ನೆನಪಿದ್ಯಾ? ಕಣ ತೀರಾ ಸಣ್ಣದಾದ್ರೆ ನೀರು ತುದಿವರೆಗೂ ಹತ್ತಿ, ಗಾಳಿಗೆ ಜಾಗವೇ ಇರಲ್ಲ.

ಮೂರನೇದನ್ನ ಹೇಳಿದ್ದು ನಮ್ಮಮ್ಮ. ಫೋನಲ್ಲಿ ಅಳ್ತಾ ಹೇಳಿದಾಗ ಅಮ್ಮ ಅಂದ್ರು: 'ಅಜ್ಜಿ ಅದಕ್ಕೆ ವಾರಕ್ಕೊಂದ್ ಸಲಾನೂ ನೀರ್ ಹಾಕ್ತಿರ್ಲಿಲ್ಲ ಕಣೇ. ಗಡಿಗೆ ಇಟ್ಟಿದ್ದು ನಿಂಬೆಗೆ.' ದೊಡ್ಡಪತ್ರೆಯ ಎಲೆ, ಕಾಂಡ ದಪ್ಪ ಇರೋದೇ ನೀರು ಕೂಡಿಟ್ಟುಕೊಳ್ಳೋಕೆ. ಅದಕ್ಕೆ ಮಧ್ಯೆ ಮಧ್ಯೆ ಒಣಗಬೇಕು. ಯಾವ ಗಿಡಕ್ಕೆ ಗಡಿಗೆ, ಯಾವುದಕ್ಕೆ ಬೇಡ ಅಂತ ಅಜ್ಜಿಗೆ ಗೊತ್ತಿತ್ತು. ನಾನು ಗಡಿಗೆ ನೋಡಿದ್ದೆ, ಗಿಡ ನೋಡಿರಲಿಲ್ಲ.

ನೀವು ಮಾಡೋದಾದ್ರೆ

ಈಗ ನಾನು ಮಾಡೋ ರೀತಿ ಹೇಳ್ತೀನಿ. ಸಣ್ಣ ಗಿಡಕ್ಕೆ 2 ಲೀಟರ್ ಬಾಟಲಿ ಸಾಕು. ಅರ್ಧಕ್ಕೆ ಕತ್ತರಿಸಿ, ಮೇಲಿನ ಭಾಗವನ್ನ ಉಲ್ಟಾ ಮಾಡಿ ಕೆಳಗಿನದರೊಳಗೆ ಕೂರಿಸಿ. ಮುಚ್ಚಳದ ತೂತಿನಿಂದ ಬತ್ತಿ ಇಳಿಬಿಡಿ. ಹಳೇ ಬನಿಯನ್ ಪಟ್ಟಿ ನಡೆಯುತ್ತೆ, ಆದ್ರೆ ಹತ್ತಿ ಕೆಲವು ತಿಂಗಳಲ್ಲಿ ಕೊಳೆಯುತ್ತೆ. ಎಳೆ ಎಳೆಯಾಗಿರೋ ನೈಲಾನ್ ಹಗ್ಗ ಜಾಸ್ತಿ ದಿನ ಬಾಳುತ್ತೆ. ನೀರಿನ ಮಟ್ಟ ಮುಚ್ಚಳಕ್ಕಿಂತ ಒಂದು ಬೆರಳು ಕೆಳಗಿರಲಿ.

ದೊಡ್ಡದಕ್ಕೆ ಒಂದರೊಳಗೊಂದು ಕೂರೋ ಎರಡು ಪೇಂಟ್ ಬಕೆಟ್. ಒಳಗಿನ ಬಕೆಟ್ ತಳಕ್ಕೆ ಗಾಳಿಗೆ ಅಂತ ಸಣ್ಣ ತೂತುಗಳು. ಮಧ್ಯೆ ಒಂದು ದೊಡ್ಡ ತೂತು, ಅದರಲ್ಲಿ ತೂತು ಮಾಡಿದ ಮೊಸರಿನ ಕಪ್ಪು. ಆ ಕಪ್ಪಿನೊಳಗಿನ ಮಿಶ್ರಣ ನೀರು ಮುಟ್ಟಬೇಕು, ಅದೇ ನಿಮ್ಮ ಬತ್ತಿ. ಹೊರಗಿನ ಬಕೆಟ್‌ಗೆ ಪಕ್ಕದಲ್ಲಿ, ಒಳಬಕೆಟ್ ತಳಕ್ಕಿಂತ ಒಂದು ಬೆರಳು ಕೆಳಗೆ, ನೀರು ಆಚೆ ಹೋಗೋ ತೂತು. ತುಂಬೋಕೆ ಒಂದು ಪಿವಿಸಿ ಪೈಪು, ಅದರ ಕೆಳತುದಿ ಓರೆಯಾಗಿ ಕತ್ತರಿಸಿರಲಿ, ಇಲ್ಲಾಂದ್ರೆ ತಳಕ್ಕೆ ಕೂತು ನೀರು ಇಳಿಯಲ್ಲ.

ಮಿಶ್ರಣಕ್ಕೆ ಎರಡು ಪಾಲು ಕೋಕೋಪೀಟ್, ಒಂದು ಪಾಲು ಗೊಬ್ಬರ, ಒಂದು ಹಿಡಿ ಪರ್ಲೈಟ್. ಕೋಕೋಪೀಟ್ ಅಂದ್ರೆ ತೆಂಗಿನ ನಾರು ತೆಗೆದ ಮೇಲೆ ಉಳಿಯೋ ಪುಡಿ. ತುಮಕೂರು, ಹಾಸನದ ತೆಂಗಿನ ಸೀಮೆಯವರಿಗೆ ಪರಿಚಯ ಇರೋದೇ. ಅದರಲ್ಲಿ ಉಪ್ಪಿನಂಶ ಇರಬಹುದು, ಎರಡು ಸಲ ತೊಳೆದು ಹಾಕಿ. ಮೊದಲನೇ ಸಲ ಮಾತ್ರ ಮೇಲಿಂದಲೇ ನೀರು ಹಾಕಿ ಎಲ್ಲಾ ನೆನೆಸಿ. ಪೂರ್ತಿ ಒಣಗಿದ ಮಿಶ್ರಣಕ್ಕೆ ಕೆಳಗಿನ ನೀರು ಹತ್ತೋದು ಕಷ್ಟ.

ಇನ್ನೆರಡು ಎಚ್ಚರಿಕೆ. ಒಂದು, ಬೋರ್‌ವೆಲ್ ನೀರಿನ ಉಪ್ಪು. ನೀರು ಕೆಳಗಿಂದ ಮೇಲಕ್ಕೆ ಮಾತ್ರ ಹೋಗೋದ್ರಿಂದ ಉಪ್ಪು ಮೇಲ್ಗಡೆ ಬೆಳ್ಳಗೆ ಕೂರುತ್ತೆ. ಎರಡು ಮೂರು ತಿಂಗಳಿಗೊಮ್ಮೆ ಮೇಲಿಂದ ನೀರು ಹಾಕಿ ತೊಳೆದುಬಿಡಿ. ಎರಡು, ಸೊಳ್ಳೆ. ಡೆಂಗಿ ಹರಡೋ ಈಡಿಸ್ ಸೊಳ್ಳೆಗೆ ಮನೆ ಸುತ್ತ ನಿಂತ ಇಂಥ ನೀರೇ ಇಷ್ಟ. ಮೊಟ್ಟೆಯಿಂದ ಸೊಳ್ಳೆಯಾಗೋಕೆ ಸುಮಾರು ಒಂದು ವಾರ, ಹತ್ತು ದಿನ ಸಾಕು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿದ್ದು ನೆನಪಿರಬೇಕು. ಪೈಪಿನ ಬಾಯಿ, ಪಕ್ಕದ ತೂತು, ಎರಡಕ್ಕೂ ಸೊಳ್ಳೆ ಪರದೆಯ ತುಂಡು ಕಟ್ಟಿ. ಫಾನ್ ಶೆಂಗ್‌ಝಿ ಹಂಚು ಮುಚ್ಚಿ ಅಂದಿದ್ದು ಇಲ್ಲೂ ಉಪಯೋಗಕ್ಕೆ ಬರುತ್ತೆ.

ಸೋರೋ ಮಡಕೆ ಬೇಕು

ಬಾಟಲಿ, ಬಕೆಟ್ ಆಯ್ತು. ಆಮೇಲೊಂದು ದಿನ, ಅಜ್ಜಿ ಥರ ಮಡಕೇಲೇ ಮಾಡಿ ನೋಡೋಣ ಅಂತ ಬೆಂಗಳೂರಿನ ಪಾಟರಿ ಟೌನ್‌ಗೆ ಹೋದೆ. ಅಲ್ಲಿ ಇವತ್ತಿಗೂ ಕುಂಬಾರ ಕುಟುಂಬಗಳಿವೆ. ಸಾಲು ಸಾಲು ಕುಂಡ, ಹಣತೆ. ಒಬ್ಬ ಹಿರಿಯರ ಹತ್ರ, 'ಹೊಳಪಿಲ್ಲದ್ದು, ಸ್ವಲ್ಪ ನೀರು ಜಿನುಗೋದು ಒಂದು ಕೊಡಿ' ಅಂದೆ. ಅವರು ನನ್ನನ್ನೇ ನೋಡಿ ನಕ್ರು. 'ಏನಮ್ಮಾ, ಎಲ್ರೂ ಸೋರಲ್ಲ ತಾನೇ ಅಂತ ಕೇಳಿ ತಗೊಂಡೋಗ್ತಾರೆ. ಸೋರೋದೇ ಬೇಕು ಅಂದವ್ರು ನೀನೇ ಮೊದ್ಲು.' ಒಂದು ಪುಟ್ಟ ಮಡಕೆ ತೆಗೆದು, ನೀರು ತುಂಬಿ ನೆರಳಲ್ಲಿಟ್ರು. ಮಾತಾಡ್ತಾ ಮಾತಾಡ್ತಾ ಅದರ ಮೈ ಬೆವೆತ ಹಾಗೆ ಒದ್ದೆಯಾಯ್ತು. 'ಇದು ನಡೀತದೆ ತಗೋ' ಅಂದ್ರು. ಯಾವ ಮಣ್ಣು, ಎಷ್ಟು ಸುಟ್ಟರೆ ಎಷ್ಟು ಜಿನುಗುತ್ತೆ ಅನ್ನೋದು ಅವರ ಕೈಗೆ ಗೊತ್ತು. ಇಡೀ ಈ ಕಥೆ ನಿಂತಿರೋದು ಆ ಕೈಗಳ ಮೇಲೆ, ಆದ್ರೆ ನಾನು ಓದಿದ ಯಾವ ಪುಟದಲ್ಲೂ ಒಬ್ಬ ಕುಂಬಾರನ ಹೆಸರಿಲ್ಲ.

ಆ ಮಡಕೆ ಈಗ ನಮ್ಮ ಹಾಲ್‌ನ ದೊಡ್ಡ ಕುಂಡದಲ್ಲಿದೆ, ಸುತ್ತ ಪುದೀನ. ಬಕೆಟ್‌ನಲ್ಲಿ ಟೊಮೆಟೊ, ಬಾಟಲಿಯಲ್ಲಿ ಮನಿ ಪ್ಲಾಂಟ್. ಈಗ ಊರಿಗೆ ಹೋಗೋವಾಗ ಯಾರನ್ನೂ ಕೇಳಬೇಕಾಗಿಲ್ಲ.

ದೊಡ್ಡಪತ್ರೆ ಏನಾಯ್ತು? ಆಮೇಲೆ ಊರಿಗೆ ಹೋದಾಗ ಅಜ್ಜಿ ಹಿತ್ತಲಿಗೆ ಹೋದೆ. ನಿಂಬೆ ಗಿಡ ಈಗ ನನಗಿಂತ ಎತ್ತರ. ಗಡಿಗೆ ಮಣ್ಣಲ್ಲಿ ಪೂರ್ತಿ ಮುಚ್ಚಿಹೋಗಿದೆ, ಕೈಯಲ್ಲಿ ಕೆದಕಿದ್ರೆ ಹಂಚಿನ ಅಂಚು ಸಿಗುತ್ತೆ. ಗೋಡೆ ಪಕ್ಕ ದೊಡ್ಡಪತ್ರೆ ಯಾರೂ ನೀರು ಹಾಕದೆ ಹಬ್ಬಿತ್ತು. ಒಂದು ಕಡ್ಡಿ ಮುರ್ಕೊಂಡು ಬಂದೆ. ಅದಕ್ಕೆ ತೊಟ್ಟಿ ಇಲ್ಲ, ಬತ್ತಿ ಇಲ್ಲ. ಮಣ್ಣಿಗೆ ಬೆರಳಿಟ್ಟು ನೋಡ್ತೀನಿ. ಒಣಗಿದ್ರೆ ಅರ್ಧ ಲೋಟ ನೀರು ಹಾಕ್ತೀನಿ.

ನಿಮ್ಮ ಮನೇಲೂ, ಊರಲ್ಲೂ ಗಿಡಕ್ಕೆ ಮಡಕೆ ಹೂಳೋ ಪದ್ಧತಿ ಇತ್ತಾ? ಅದಕ್ಕೆ ನಿಮ್ಮ ಕಡೆ ಏನಂತಾರೆ? ಮನೆಯ ಹಿರಿಯರನ್ನ ಕೇಳಿ, ಒಂದು ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ಸಂಚಿಕೆಯ ಕೊನೇಲಿ ಕೆಲವನ್ನ ಕೇಳಿಸ್ತೀನಿ.